ತೂಕದ ಚಡ್ಡಿ

ಒಗೆಯೋ ಕೈ ನಡೆಯುತ್ತೆ, ಕೂರೋ ಕುಂಡೆ ನಡೆಯಲ್ಲ. ಇದು ಆ ಮಕ್ಕಳ ಕೇಂದ್ರದ ಕಾನೂನು. ಯಾರೂ ಬರೆದು ಅಂಟಿಸಿರಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು.

ಕೈ ಕತ್ತರಿಯದು. ಕುಂಡೆ ಅವಳ ಮೊಮ್ಮಗಳದು.

ಕತ್ತರಿ ಅನ್ನೋದು ಹೆತ್ತವರಿಟ್ಟ ಹೆಸರಲ್ಲ. ಬಾಯಿ ಹಾಗಿತ್ತು, ಜನ ಹಾಗೆ ಕರೆದರು, ಅವಳೂ ಓ ಅಂದಳು. ಮನೆ ಚರಂಡಿಯಾಚೆಯ ಸಾಲಿನಲ್ಲಿ. ಕಕ್ಕಸುಗುಂಡಿ ಬಳಿಯುವವರು, ಮೋರಿ ಎತ್ತುವವರು, ಸತ್ತ ನಾಯಿ ಎಳೆಯುವವರು, ಎಲ್ಲ ಆ ಸಾಲಿನವರೇ. ಊರು ಹೇತದ್ದನ್ನು ಹೊತ್ತು ಹಾಕುವವರ ಮೈ ನಾರುತ್ತದಂತೆ. ಹೇತವರ ಮೈ ಮಾತ್ರ ಘಮಘಮ ಅನ್ನುತ್ತದಂತೆ. ಊರಿನ ಮೂಗೇ ಹಾಗೆ, ಏನು ಮಾಡೋದು.

ಕೇಂದ್ರ ನಡೆಸುತ್ತಿದ್ದದ್ದು ಸಮುದ್ರದಾಚೆಯ ಒಂದು ದೊಡ್ಡ ಸಂಸ್ಥೆ. ಮಕ್ಕಳು ಸಾಯಬಾರದು, ಉಂಡು ಬೆಳೆಯಬೇಕು, ಓದಬೇಕು ಅಂತ ದೇಶದೇಶ ತಿರುಗುವ ಸಂಸ್ಥೆ. ಒಳ್ಳೇ ಕೆಲಸವೇ, ಅದಕ್ಕೆ ಕತ್ತರಿಯೂ ಇಲ್ಲ ಅನ್ನಲಿಲ್ಲ. ನೀಲಿ ಬಣ್ಣ ಬಳಿದ ಒಂದು ಕೋಣೆ, ಮೇಲೆ ತೊಲೆ, ತೊಲೆಗೆ ಕೊಕ್ಕೆ, ಕೊಕ್ಕೆಗೆ ಗಡಿಯಾರದಂಥ ದುಂಡು ಮುಖದ ತಕ್ಕಡಿ. ಅದರ ಕೆಳಗೆ ಜೋತಾಡುವ ಒಂದು ಬಿಳಿ ಬಟ್ಟೆಯ ಚಡ್ಡಿ. ಎರಡು ಕಾಲಿಗೆ ಎರಡು ತೂತು, ಮೇಲೆ ಎರಡು ಪಟ್ಟಿ. ಮಗುವನ್ನು ಅದರೊಳಗೆ ಇಳಿಬಿಟ್ಟರೆ ತಕ್ಕಡಿಯ ಮುಳ್ಳು ತಿರುಗಿ ತೂಕ ತೋರಿಸುತ್ತದೆ. ಮುಳ್ಳು ಕೆಂಪು ಗೆರೆ ದಾಟದೆ ನಿಂತರೆ ಆ ಮಗುವಿಗೆ ಪೊಟ್ಟಣ. ಕಡಲೆಕಾಯಿ ಅರೆದು, ಹಾಲುಪುಡಿ, ಸಕ್ಕರೆ, ಎಣ್ಣೆ ಬೆರೆಸಿದ ಪೊಟ್ಟಣ. ಮೂಲೆ ಹರಿದು ಬಾಯಿಗಿಟ್ಟರೆ ಮಗು ಚೀಪುತ್ತದೆ. ಸಾಯೋ ಮಕ್ಕಳು ಅದನ್ನು ಚೀಪಿ ಎದ್ದು ಕೂತದ್ದನ್ನು ಕತ್ತರಿ ಕಣ್ಣಾರೆ ಕಂಡಿದ್ದಳು. ಆ ಮಕ್ಕಳ ಚಡ್ಡಿ ಒಗೆಯುವವಳು ಅವಳೇ ಅಲ್ಲವೇ.

ಕೊಕ್ಕೆಗೆ ಏರಿದ ಕೂಡಲೇ ಮಕ್ಕಳಿಗೆ ಹೇಲು ಬರುವುದು ಭಯಕ್ಕೋ, ಖುಷಿಗೋ, ಆ ದೇವರಿಗೇ ಗೊತ್ತು. ಒಂದು ಮಗು ಇಳಿದರೆ ಆ ಚಡ್ಡಿ ಹಿತ್ತಿಲಿಗೆ ಬಂದು ಬೀಳುತ್ತಿತ್ತು, ಇನ್ನೊಂದು ಕೊಕ್ಕೆಗೇರುತ್ತಿತ್ತು. ಕತ್ತರಿ ಮೊದಲು ಕೈಯಲ್ಲಿ ಬಳಿದು, ಆಮೇಲೆ ಸೋಪು ಹಚ್ಚಿ, ಕುದಿನೀರಿನ ಡ್ರಮ್ಮಿಗೆ ಹಾಕಿ, ಕೋಲಿನಿಂದ ತಿರುವಿ, ಕಲ್ಲಿಗೆ ಬಡಿದು, ಹಿಂಡಿ, ಹಗ್ಗಕ್ಕೆ ಹಾಕುತ್ತಿದ್ದಳು. ಬ್ಲೀಚಿಂಗ್ ಪುಡಿಗೆ ಬೆರಳ ಸಂದಿ ಒಡೆದಿತ್ತು. ಊಟ ಮಾಡಿದರೆ ಉಪ್ಪು ಖಾರ ಅಲ್ಲಿಗೇ ಮೊದಲು ತಾಗುತ್ತಿತ್ತು. ಸೊಂಟ ಬಗ್ಗಿದ್ದು ಬಗ್ಗಿಯೇ ಇರುತ್ತಿತ್ತು, ನೆಟ್ಟಗಾಗಬೇಕಾದರೆ ಗೋಡೆ ಹಿಡಿಯಬೇಕಿತ್ತು.

ಮೊಮ್ಮಗಳು ಸಾಸಿವೆ. ಹುಟ್ಟಿದಾಗ ಅಷ್ಟೇ ಇದ್ದಳು, ಅದಕ್ಕೇ ಆ ಹೆಸರು. ಎರಡು ತುಂಬುತ್ತಾ ಬಂದರೂ ಅಷ್ಟೇ ಇದ್ದಳು. ನಿಲ್ಲಲು ಬರುತ್ತಿರಲಿಲ್ಲ. ತೊಡೆಯ ಚರ್ಮ ಯಾರದೋ ದೊಡ್ಡವರ ಅಂಗಿ ಹಾಕಿದ ಹಾಗೆ ಜೋತಾಡುತ್ತಿತ್ತು. ಈಚೆಗೆ ಅಳುವುದನ್ನೂ ಬಿಟ್ಟಿದ್ದಳು. ಕತ್ತರಿಗೆ ಹೆದರಿಕೆಯಾದದ್ದು ಅದಕ್ಕೆ. ಅವಳ ಸೊಸೆ, ಅಂದರೆ ಸಾಸಿವೆಯ ಅಮ್ಮ, ಬೆಳಕು ಹರಿಯುವ ಮುಂಚೆ ಮೋರಿಗೆ ಇಳಿಯುವವಳು. ಅವಳ ಎದೆಯಲ್ಲಿ ಹಾಲು ಬತ್ತಿ ಎಷ್ಟೋ ಕಾಲವಾಗಿತ್ತು.

ಹಾಗಂತ ಕತ್ತರಿ ಸುಮ್ಮನೆ ಕೂತವಳಲ್ಲ. ಮೊದಲೇ ಒಂದು ದಿನ ಮಗುವನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿ ನಿಂತಿದ್ದಳು. ಹಿಂದೆ ನಿಂತಿದ್ದ ದರ್ಜಿಯ ಹೆಂಡತಿ ತನ್ನ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ಚರಂಡಿಯಾಚೆಯ ಮಗು ಕೂತ ಚಡ್ಡಿಯಲ್ಲಿ ನನ್ನ ಮಗನನ್ನು ಕೂರಿಸಲ್ಲ ಅಂದಳು. ಅವಳು ಅಂದದ್ದೇ ತಡ, ಸಾಲಿಗೆ ಸಾಲೇ ತಲೆಯಾಡಿಸಿತು. ನರ್ಸಮ್ಮ ಜಗಳಕ್ಕೆ ಹೋಗಲಿಲ್ಲ. ಕೆಟ್ಟವಳಲ್ಲ ಪಾಪ, ಹೆದರುಪುಕ್ಕಲಿ. ತಾಯಂದಿರು ಬರುವುದನ್ನೇ ನಿಲ್ಲಿಸಿಬಿಟ್ಟರೆ ಕೇಂದ್ರಕ್ಕೆ ಬೀಗ ಬೀಳುತ್ತದೆ ಅಂತ ಅವಳ ಚಿಂತೆ. ಸಾಸಿವೆಯನ್ನು ದೂರದಿಂದಲೇ ನೋಡಿ, ಪರವಾಗಿಲ್ಲ ಅಜ್ಜಿ, ಹುಷಾರಾಗೇ ಇದ್ದಾಳೆ, ಬೇಳೆಕಟ್ಟು ಕುಡಿಸಿ ಅಂದಳು.

ಕತ್ತರಿ ಅವಳ ಮುಖ ನೋಡಿದಳು. "ತೂಗೋಕೆ ಮುಳ್ಳು ಬೇಕಲ್ಲ ನರ್ಸಮ್ಮ. ನಿಮ್ಮ ಕಣ್ಣಲ್ಲೇ ಇದೆಯಾ?"

ನರ್ಸಮ್ಮ ಮುಂದಿನ ಮಗುವನ್ನು ಕರೆದಳು. ತೂಕವಿಲ್ಲದೆ ಪೊಟ್ಟಣ ಕೊಡುವ ಹಾಗಿಲ್ಲ. ಚರಂಡಿಯಾಚೆಯ ಮಕ್ಕಳಿಗೆ ತೂಕವೇ ಇಲ್ಲ. ಅಲ್ಲಿಗೆ ಮುಗಿಯಿತು.

ಕೇಂದ್ರಕ್ಕೊಬ್ಬ ಮ್ಯಾನೇಜರ್ ಇದ್ದ. ಇಸ್ತ್ರಿ ಅಂಗಿ, ಕತ್ತಿನಲ್ಲಿ ಸಂಸ್ಥೆಯ ಗುರುತಿನ ಪಟ್ಟಿ. ಏನು ಕೇಳಿದರೂ ಹಂತ ಹಂತವಾಗಿ ಮಾಡೋಣ ಅನ್ನುತ್ತಿದ್ದ. ನಲ್ಲಿ ಸೋರಿದರೂ ಹಂತ ಹಂತವಾಗಿ. ಕತ್ತರಿ ಅವನಿಗೆ ಹಂತಹಂತ ಅಂತಲೇ ಹೆಸರಿಟ್ಟಿದ್ದಳು. ಅವನ ಹತ್ತಿರ ದೂರು ಹೇಳಿದಾಗ ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ನನಗೂ ಹೊಟ್ಟೆ ಉರಿಯುತ್ತಮ್ಮ, ಆದರೆ ಜನರ ಮನಸ್ಸು ನೋಡಿ, ಅದು ಹಂತ ಹಂತವಾಗಿ ಬದಲಾಗಬೇಕು ಅಂದ.

"ಮಗು ಸಾಯೋದೂ ಹಂತ ಹಂತವಾಗೇ ಸಾರ್," ಅಂದಳು ಕತ್ತರಿ.

ಮಾತು ಚೆನ್ನಾಗಿದೆ ಅನ್ನಿಸಿತೇನೋ, ಅವನು ಅದನ್ನು ಬರೆದುಕೊಂಡ. ಎಲ್ಲೋ ಭಾಷಣದಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ ಅಂತ ಆಮೇಲೆ ಜೀಪಿನ ಡ್ರೈವರ್ ಹೇಳಿದ. ಅದೇ ಡ್ರೈವರ್ ಒಮ್ಮೆ ಕೇಂದ್ರದ ಬಾಗಿಲ ಮೇಲಿನ ದೊಡ್ಡ ಬೋರ್ಡನ್ನು ಅವಳಿಗೆ ಓದಿ ಹೇಳಿದ್ದ. ಪ್ರತಿ ಮಗುವೂ ಲೆಕ್ಕಕ್ಕಿದೆ ಅಂತ ಬರೆದಿದೆಯಂತೆ. ಕತ್ತರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಮಕ್ಕಳ ಆಟದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಒಂದು ಇರುತ್ತಲ್ಲ, ಇಲ್ಲಿ ಲೆಕ್ಕಕ್ಕುಂಟು ಕೊಕ್ಕೆಗಿಲ್ಲ ನೋಡಪ್ಪ ಅಂದಳು. ಡ್ರೈವರ್ ನಗಲೋ ಬೇಡವೋ ಅಂತ ಆಚೀಚೆ ನೋಡಿದ.

ಹೀಗಿರುವಾಗ ಸುದ್ದಿ ಬಂತು. ಸಂಸ್ಥೆಯ ದೊಡ್ಡ ಮೇಡಂ ಒಬ್ಬರು ಸಮುದ್ರದಾಚೆಯಿಂದ ಬರುತ್ತಾರೆ, ಕೇಂದ್ರ ನೋಡುತ್ತಾರೆ, ಮಕ್ಕಳನ್ನು ತೂಗುವುದನ್ನು ಕಣ್ಣಾರೆ ನೋಡುತ್ತಾರೆ. ಹಂತಹಂತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಸುಣ್ಣವಾಯಿತು, ನಲ್ಲಿ ಒಂದೇ ಹಂತದಲ್ಲಿ ರಿಪೇರಿಯಾಯಿತು. ಅವನಿಗಿದ್ದ ಭಯ ಒಂದೇ. ಚರಂಡಿಯಾಚೆಯ ಮಕ್ಕಳು ಯಾಕಿಲ್ಲ ಅಂತ ಮೇಡಂ ಕೇಳಿಬಿಟ್ಟರೆ? ಆ ಮಕ್ಕಳು ಬಂದರೆ ತಾಯಂದಿರ ಸಾಲು ಚದುರುತ್ತದೆ, ಬರದಿದ್ದರೆ ತನ್ನ ಬಣ್ಣ ಬಯಲಾಗುತ್ತದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗಾದ.

ದಾರಿ ತೋರಿಸಿದವಳು ದರ್ಜಿಯ ಹೆಂಡತಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ಬೇರೆ ಚಡ್ಡಿಯನ್ನೇ ಹೊಲಿದು ತಂದಳು. ಮೇಡಂ ಕೇಳಿದರೆ ಆ ಮಕ್ಕಳಿಗೂ ವ್ಯವಸ್ಥೆ ಇದೆ ಅನ್ನಬಹುದು. ಅಳತೆ ಅದೇ, ಪಟ್ಟಿ ಅದೇ. ಬಟ್ಟೆ ಮಾತ್ರ ಕಡುಗೆಂಪು, ದೂರದಿಂದಲೇ ಗೊತ್ತಾಗಲಿ ಅಂತ. ಹಂತಹಂತ ಅದನ್ನು ಕತ್ತರಿಯ ಕೈಗೆ ಬಹುಮಾನದ ಹಾಗೆ ಕೊಟ್ಟ. ನಾಳೆ ಮೇಡಂ ಹೊರಟ ಮೇಲೆ ಹಿತ್ತಿಲಲ್ಲಿ ಇನ್ನೊಂದು ತಕ್ಕಡಿ ಕಟ್ಟಿಸುತ್ತೇನೆ, ನಿಮ್ಮ ಕಡೆಯ ಮಕ್ಕಳನ್ನೆಲ್ಲ ಇದರಲ್ಲಿ ತೂಗೋಣ, ಮೊದಲು ನಿಮ್ಮ ಮೊಮ್ಮಗಳೇ ಅಂದ. ಸಂತೋಷವಾಯಿತಲ್ಲ ಅಂತ ಕೇಳಿಯೂಬಿಟ್ಟ.

ಹಿತ್ತಿಲಲ್ಲಿ. ಕಕ್ಕಸಿನ ಗೋಡೆಯ ಪಕ್ಕ. ಕತ್ತರಿ ಚಡ್ಡಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನ ಮನೆಗೆ ಬಂದವಳೇ ಆ ಚಡ್ಡಿಯನ್ನು ಒಲೆಗೆ ಹಾಕುತ್ತೇನೆ ಅಂದಳು. ಸೊಸೆ ಆಗತಾನೇ ಕಾಲು ತೊಳೆದುಕೊಂಡು ಕೂತಿದ್ದಳು. ಹೆಚ್ಚು ಮಾತಾಡುವವಳಲ್ಲ. ಎದ್ದು ಬಂದು ಅತ್ತೆಯ ಕೈಯಿಂದ ಚಡ್ಡಿ ಕಿತ್ತುಕೊಂಡಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕಾ ಅತ್ತೆ? ಕೆಂಪಾದ್ರೇನು, ಕಪ್ಪಾದ್ರೇನು. ಹಿತ್ತಿಲಾದ್ರೂ ಸರಿ, ಕಕ್ಕಸಿನೊಳಗಾದ್ರೂ ಸರಿ. ನನ್ನ ಮಗೂನ ತೂಗಲಿ. ಪೊಟ್ಟಣ ಕೊಡಲಿ. ಬದುಕಿದ್ರೆ ಆಮೇಲೆ ಮರ್ಯಾದೆ."

ಸೊಸೆ ಹೇಳಿದ್ದು ಸುಳ್ಳಲ್ಲ. ಚಾಪೆಯ ಮೇಲೆ ಸಾಸಿವೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ಬಾಯಿಯ ಮೂಲೆಯಲ್ಲಿ ನೊಣ ಕೂತಿತ್ತು, ಓಡಿಸಲು ಕೈ ಎತ್ತಲಿಲ್ಲ. ಬೇಡ ಅಂದರೆ ಮಗು ಹೋಗುತ್ತದೆ. ಆಗಲಿ ಅಂದರೆ ಇನ್ನು ಈ ಸಾಲಿನಲ್ಲಿ ಹುಟ್ಟುವ ಮಕ್ಕಳೆಲ್ಲ ಆ ಕೆಂಪು ಚಡ್ಡಿಯಲ್ಲೇ ತೂಗಾಡಬೇಕು. ಕತ್ತರಿ ಸ್ವಲ್ಪ ಹೊತ್ತು ಬಾಗಿಲಲ್ಲಿ ಕೂತಳು. ಆಮೇಲೆ ಚಡ್ಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು, ಉಗುಳು ಹಚ್ಚಿ ಇನ್ನೊಮ್ಮೆ ಉಜ್ಜಿದಳು. ಅಂಗೈ ಕೆಂಪಾಯಿತು.

ಅಗ್ಗದ ಬಟ್ಟೆ. ಬಣ್ಣ ಬಿಡುತ್ತದೆ.

ಕತ್ತರಿ ನಕ್ಕಳು. ನಾಳೆ ಬೆಳಿಗ್ಗೆ ಮೋರಿಗೆ ಹೋಗಬೇಡ, ಮಗೂನ ಎತ್ತಿಕೊಂಡು ಕೇಂದ್ರದ ಗೇಟಿನ ಹತ್ತಿರ ಬಂದು ನಿಲ್ಲು ಅಂತ ಸೊಸೆಗೆ ಹೇಳಿ ಕೆಲಸಕ್ಕೆ ವಾಪಸ್ ಹೊರಟಳು. ಹಂತಹಂತ ಬಾಗಿಲಲ್ಲೇ ನಿಂತು, ಎಲ್ಲ ಚಡ್ಡಿ ಫಳಫಳ ಅನ್ನಬೇಕು, ಇದೊಂದನ್ನು ಬೇರೆಯಾಗಿ ಒಗೆಯಿರಿ ಅಂದ. ಬೇರೆಯಾಗೇ ಒಗೆಯುತ್ತೇನೆ ಸಾರ್ ಅಂದಳು. ಸುಳ್ಳು ಹೇಳಲಿಲ್ಲ. ಮೊದಲು ಬೇರೆಯಾಗೇ ಒಗೆದಳು. ಕುದಿನೀರಿಗೆ ಹಾಕಿ ತಿರುವಿದಳು, ನೀರು ರಕ್ತದ ಹಾಗಾಯಿತು. ಆ ನೀರನ್ನು ಚೆಲ್ಲಲಿಲ್ಲ. ಚಡ್ಡಿಯನ್ನು ತೆಗೆದು ಬ್ಲೀಚಿಂಗ್ ಪುಡಿಯ ಬಕೆಟ್ಟಿನಲ್ಲಿ ಅದರ ಜೀವ ಹೋಗುವ ತನಕ ನೆನೆಸಿದಳು. ಹೊಸದರ ಸೊಕ್ಕು ಇಳಿಯಲಿ ಅಂತ ಕಲ್ಲಿಗೆ ಬಡಿದೂ ಬಡಿದೂ ಮೆತ್ತಗೆ ಮಾಡಿದಳು. ಒಂದೊಂದು ಏಟಿಗೂ ಒಬ್ಬೊಬ್ಬರನ್ನು ನೆನೆದಳು. ಹಂತಹಂತನ ಪಾಲಿಗೆ ಎರಡೇಟು ಜಾಸ್ತಿಯೇ ಬಿತ್ತು. ಆಮೇಲೆ ಒಂದು ಹಿಡಿ ಉಪ್ಪು ಹಾಕಿ, ಬಿಳಿ ಚಡ್ಡಿಗಳನ್ನೂ ಇದನ್ನೂ ಒಟ್ಟಿಗೆ ಆ ಕೆಂಪು ನೀರಿನಲ್ಲಿ ಮುಳುಗಿಸಿ, ಒಲೆಯ ಮುಂದೆ ಕೂತು ಎಲೆಯಡಿಕೆ ಹಾಕಿಕೊಂಡಳು.

ಬೆಳಿಗ್ಗೆ ನರ್ಸಮ್ಮ ಬಂದು ನೋಡುತ್ತಾಳೆ, ಹಗ್ಗದ ಮೇಲೆ ಚಡ್ಡಿಗಳೆಲ್ಲ ಗುಲಾಬಿ. ಒಂದರ ಹಾಗೆ ಇನ್ನೊಂದು. ಅವಳು ತಲೆಯ ಮೇಲೆ ಕೈ ಹೊತ್ತುಕೊಂಡಳು. ಹಾಳಾದ್ದು ಬಣ್ಣ ಬಿಟ್ಟುಬಿಡ್ತು ನರ್ಸಮ್ಮ, ಅಂತ ಕತ್ತರಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಷ್ಟರಲ್ಲಿ ಸಾಲು ಸೇರಿತು. ದರ್ಜಿಯ ಹೆಂಡತಿಯ ಕಣ್ಣು ಚುರುಕು. ಒಂದೊಂದನ್ನೂ ಎತ್ತಿ ತಿರುಗಿಸಿ ಹೊಲಿಗೆ ನೋಡಿದಳು, ತನ್ನ ಹೊಲಿಗೆಯನ್ನು ಗುರುತು ಹಿಡಿಯುತ್ತೇನೆ ಅಂತ. ಹರಿದ ಚಡ್ಡಿಗಳನ್ನೆಲ್ಲ ಇಷ್ಟು ಕಾಲ ಹೊಸದಾಗಿ ಹೊಲಿದುಕೊಟ್ಟವರು ಯಾರು? ಅವಳೇ. ಎಲ್ಲದರಲ್ಲೂ ಅವಳದ್ದೇ ಹೊಲಿಗೆ. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟಳು.

ಗೇಟಿನಲ್ಲಿ ಕಾರು ನಿಂತ ಸದ್ದು. ಹಂತಹಂತ ಓಡಿ ಬಂದು ಕತ್ತರಿಯನ್ನು ಬಾಗಿಲ ಮೂಲೆಗೆ ಎಳೆದ. ಯಾವುದು ಅಂತ ಪಿಸುಗುಟ್ಟಿದ.

"ಯಾವುದು ಸಾರ್?"

"ಅದೇ ಅಜ್ಜಿ, ಆ... ಕೆಂಪು."

"ಎಲ್ಲಾ ಕೆಂಪೇ ಅಲ್ವಾ. ಯಾರದ್ದು ಕೇಳ್ತಿದ್ದೀರಿ? ಸ್ವಲ್ಪ ಗಟ್ಟಿಯಾಗಿ ಹೇಳಿ, ಕಿವಿ ಮಂದ."

ನಿನ್ನೆಯ ತನಕ ಅವಳ ಕಿವಿ ಚೆನ್ನಾಗಿಯೇ ಇತ್ತು. ಹಂತಹಂತ ಗಟ್ಟಿಯಾಗಿ ಹೇಗೆ ಕೇಳಿಯಾನು? ಬೆನ್ನ ಹಿಂದೆಯೇ ಮೇಡಂ ನಿಂತಿದ್ದರು. ಉದ್ದನೆಯ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಏನು ಹುಡುಕುತ್ತಿದ್ದೀರಿ ಅಂತ ಅವರ ಭಾಷೆಯಲ್ಲಿ ಕೇಳಿದರು. ಅವನು ಹಲ್ಲು ಕಿರಿದು ಏನೋ ಒಂದು ಹೇಳಿದ. ಬಟ್ಟೆಯ ಗುಣಮಟ್ಟ ನೋಡುತ್ತಿದ್ದೇವೆ ಅಂದನಂತೆ, ಆಮೇಲೆ ನರ್ಸಮ್ಮ ಹೇಳಿದಳು.

ಮೇಡಂ ಕುರ್ಚಿಯಲ್ಲಿ ಕೂತರು. ಶುರು ಮಾಡಿ ಅಂತ ಕೈ ತೋರಿಸಿದರು. ನರ್ಸಮ್ಮ ಒಂದು ಚಡ್ಡಿಯನ್ನು ಕೊಕ್ಕೆಗೆ ಹಾಕಿದಳು. ಮೊದಲು ಯಾರು ಅಂದಳು. ಯಾರೂ ಏಳಲಿಲ್ಲ. ತಾಯಂದಿರು ಮಕ್ಕಳನ್ನು ಎದೆಗೊತ್ತಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಫ್ಯಾನು ತಿರುಗುತ್ತಿತ್ತು. ಖಾಲಿ ಚಡ್ಡಿ ಗಾಳಿಗೆ ಅಲ್ಲಾಡುತ್ತಿತ್ತು. ಅದು ಚರಂಡಿಯಾಚೆಯವರ ಚಡ್ಡಿಯೇ ಅಂತ ಗೊತ್ತಿದ್ದರೆ ಬೇಡ ಅನ್ನಬಹುದಿತ್ತು. ಅದಲ್ಲ ಅಂತ ಗೊತ್ತಿದ್ದರೆ ಕೂರಿಸಬಹುದಿತ್ತು. ಎರಡೂ ಗೊತ್ತಿಲ್ಲ. ಬಾಯಿಬಿಟ್ಟು ಕೇಳೋಣ ಅಂದರೆ ಊರಿನ ಹುಳುಕು ಪರದೇಶದವರ ಮುಂದೆ ಬಿಚ್ಚಿದ ಹಾಗೆ. ಕತ್ತರಿ ಕಂಬಕ್ಕೊರಗಿ ಇದನ್ನೆಲ್ಲ ಸಾವಕಾಶವಾಗಿ ನೋಡಿದಳು. ಜೀವಮಾನದಲ್ಲಿ ಇಷ್ಟು ಚೆಂದದ ನಾಟಕ ಅವಳು ನೋಡಿರಲಿಲ್ಲ.

ಆಮೇಲೆ ಗೇಟಿನ ಕಡೆ ತಿರುಗಿದಳು. "ಬಾರೇ ಒಳಗೆ," ಅಂದಳು.

ಸೊಸೆ ಹೊಸ್ತಿಲ ಹತ್ತಿರ ಬಂದು ನಿಂತಳು. ಕಾಲು ನೋಡಿಕೊಂಡಳು. ಹೊಸ್ತಿಲು ದಾಟಿದಳು. ಯಾರೋ ಕೆಮ್ಮಿದರು, ಹಂತಹಂತ ಎರಡು ಹೆಜ್ಜೆ ಮುಂದೆ ಬಂದ, ಮೇಡಂ ನಗುತ್ತಿದ್ದುದನ್ನು ನೋಡಿ ಅಲ್ಲೇ ನಿಂತ. ಸೊಸೆ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ಕತ್ತರಿ ಸಾಸಿವೆಯ ಕಾಲುಗಳನ್ನು ಒಂದೊಂದಾಗಿ ತೂತಿನೊಳಗೆ ಇಳಿಸಿದಳು, ಪಟ್ಟಿ ಎಳೆದಳು, ಕೈ ಬಿಟ್ಟಳು.

ಮುಳ್ಳು ಅಲ್ಲಾಡಿತು. ಕೆಂಪು ಗೆರೆಯ ಬುಡಕ್ಕೂ ಬರಲಿಲ್ಲ, ಎಷ್ಟೋ ಹಿಂದೆಯೇ ನಿಂತುಬಿಟ್ಟಿತು. ತಕ್ಕಡಿ ಕೆಟ್ಟಿದೆಯೇನೋ ಅಂತ ನರ್ಸಮ್ಮ ಬೆರಳಿನಿಂದ ತಟ್ಟಿ ನೋಡಿದಳು. ಕೆಟ್ಟಿರಲಿಲ್ಲ. ಸಾಲು ಕತ್ತು ಚಾಚಿ ನೋಡಿತು. ದರ್ಜಿಯ ಹೆಂಡತಿ ಕೂಡ ಮುಳ್ಳನ್ನೇ ನೋಡುತ್ತಿದ್ದಳು.

ಸಾಸಿವೆ ಮೇಲಿನಿಂದ ಎಲ್ಲರನ್ನೂ ಒಮ್ಮೆ ನೋಡಿ, ನಿಧಾನವಾಗಿ, ಹಂತಹಂತನ ಬೂಟಿನ ಮೇಲೆಯೇ ಉಚ್ಚೆ ಹೊಯ್ದಳು.

ಒಂದಿಬ್ಬರು ಕಿಸಕ್ಕಂದರು. ನರ್ಸಮ್ಮ ಮಗುವನ್ನು ಇಳಿಸಿ ಒಂದು ಪೊಟ್ಟಣ ಹರಿದು ಬಾಯಿಗಿಟ್ಟಳು. ಒದ್ದೆ ಚಡ್ಡಿ ನೆಲಕ್ಕೆ ಬಿತ್ತು. ಎಲ್ಲರ ಕಣ್ಣೂ ಅಭ್ಯಾಸದಂತೆ ಕತ್ತರಿಯ ಕಡೆ ಹೋಯಿತು. ಅವಳು ಮಗುವನ್ನು ಎತ್ತಿಕೊಂಡು ಬೆಂಚಿನ ಮೇಲೆ, ತಾಯಂದಿರ ಸಾಲಿನಲ್ಲೇ ಕೂತಳು.

"ಇವತ್ತು ನಾನು ಒಗೆಯೋಳಲ್ಲ. ಮಗು ತಂದೋಳು."

ಚಡ್ಡಿ ಬಿದ್ದಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ. ಕೊನೆಗೆ ಮೇಡಂ ತಾವೇ ಬಗ್ಗಿದರು. ಹಂತಹಂತ ಹಾರಿ ಹೋಗಿ ಅದನ್ನು ಕಸಿದುಕೊಂಡ, ಎರಡು ಬೆರಳಲ್ಲಿ ಎತ್ತಿ ಹಿಡಿದು ಹಿತ್ತಿಲ ಕಡೆ ನಡೆದ. ಸೋಪು ಕಲ್ಲಿನ ಕೆಳಗಿದೆ ಸಾರ್ ಅಂತ ಕತ್ತರಿ ಕೂತಲ್ಲಿಂದಲೇ ದಾರಿ ಹೇಳಿದಳು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳಿತು, ತಾಳವಿಲ್ಲ, ಗತ್ತಿಲ್ಲ. ದರ್ಜಿಯ ಹೆಂಡತಿಯ ಮಗ ಪೊಟ್ಟಣದ ವಾಸನೆಗೆ ರಚ್ಚೆ ಹಿಡಿದಿದ್ದ. ಅವನೂ ಏನು ಗುಂಡುಕಲ್ಲಾಗಿರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ಅವಳು ಕತ್ತರಿಯ ಪಕ್ಕ ಬಗ್ಗಿ, ಹೆಣ್ಣಿಗೆ ಹೆಣ್ಣು ಕೇಳ್ತಿದ್ದೀನಿ, ಅದು ಯಾವುದು ಹೇಳಿಬಿಡು ಅಂದಳು. ನನ್ನಾಣೆ, ನನಗೂ ಗೊತ್ತಿಲ್ಲ ಅಂದಳು ಕತ್ತರಿ. ಅದು ನಿಜವೇ ಆಗಿತ್ತು. ದರ್ಜಿಯ ಹೆಂಡತಿ ಕಣ್ಣು ಮುಚ್ಚಿಕೊಂಡು ಚಡ್ಡಿಗಳ ಬುಟ್ಟಿಗೆ ಕೈ ಹಾಕಿದಳು, ಸಿಕ್ಕಿದ್ದನ್ನು ಕೊಕ್ಕೆಗೆ ಸಿಕ್ಕಿಸಿದಳು, ಮಗನನ್ನು ಕೂರಿಸಿದಳು. ಅವಳ ಹಿಂದೆ ಸಾಲು ಎದ್ದಿತು.

ಮೇಡಂ ಮಾತ್ರ ಆ ಸಾಲನ್ನು ನೋಡಲಿಲ್ಲ. ಸಾಸಿವೆಯ ಮುಂದೆ ಮಂಡಿಯೂರಿ ಕೂತು, ಅವಳ ಪಾದವನ್ನು ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಮೇಲೇಳಲಿಲ್ಲ. ಅವರ ಮುಖದ ನಗು ಹೋಯಿತು. ಏನೋ ಕೇಳಿದರು, ದನಿ ಸ್ವಲ್ಪ ಗಡುಸಾಗಿತ್ತು. ಉತ್ತರ ಹೇಳಲು ಹಂತಹಂತ ಇರಲಿಲ್ಲ, ಹಿತ್ತಿಲಲ್ಲಿ ಒಗೆಯುತ್ತಿದ್ದ. ನರ್ಸಮ್ಮನೇ ಮಾತು ತಿರುಗಿಸಿ ಹೇಳಬೇಕಾಯಿತು.

"ಅಜ್ಜಿ, ಮಗು ಈ ಸ್ಥಿತಿಗೆ ಬರೋ ತನಕ ಯಾಕೆ ಕರ್ಕೊಂಡು ಬರಲಿಲ್ಲ ಅಂತ ಕೇಳ್ತಿದ್ದಾರೆ. ಇಷ್ಟು ದಿನ ಎಲ್ಲಿದ್ದೆ ಅಂತ."

ನರ್ಸಮ್ಮ ಇದನ್ನು ಹೇಳುವಾಗ ನೆಲ ನೋಡುತ್ತಿದ್ದಳು. ಕತ್ತರಿಗೆ ನಗು ಬರಲಿಲ್ಲ. ಒಡೆದ ಬೆರಳ ಎರಡೂ ಕೈಗಳನ್ನು ನರ್ಸಮ್ಮನ ಮುಂದೆ ಚಾಚಿದಳು.

"ಇಲ್ಲೇ ಇದ್ದೆ ಅಂತ ಹೇಳಿ. ದಿನಾ ಇಲ್ಲೇ ಇದ್ದೆ, ಈ ಗೋಡೆಯ ಆ ಕಡೆ. ನನ್ನ ಮಗು ಸಾಯ್ತಾ ಇತ್ತು, ನಾನು ಇವರ ಮಕ್ಕಳ ಹೇಲು ತೊಳೀತಾ ಇದ್ದೆ ಅಂತ ಹೇಳಿ. ಒಂದಕ್ಷರ ಬಿಡಬೇಡಿ ನರ್ಸಮ್ಮ."

ನರ್ಸಮ್ಮ ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ ಶುರು ಮಾಡಿದಳು, ತಡವರಿಸುತ್ತಾ, ಗೋಡೆ ತೋರಿಸುತ್ತಾ, ಕೊಕ್ಕೆ ತೋರಿಸುತ್ತಾ. ಒಂದು ಕಡೆ ಬಂದು ಮಾತು ತಡೆಯಿತು. ಆ ಭಾಷೆಯಲ್ಲಿ ಅದಕ್ಕೇನನ್ನುತ್ತಾರೋ ಬಾಯಿಗೆ ಬರಲಿಲ್ಲವೋ, ಬಂದದ್ದು ಸಾಲದು ಅನ್ನಿಸಿತೋ.

ಪರಭಾಷೆಯ ಅಷ್ಟುದ್ದದ ಮಾತಿನಲ್ಲಿ ಕತ್ತರಿಗೆ ಅರ್ಥವಾದದ್ದು ಒಂದೇ ಒಂದು ಮಾತು. ನರ್ಸಮ್ಮ ಅದನ್ನು ಗಟ್ಟಿಯಾಗಿ, ಇಡೀ ಕೋಣೆಗೆ ಕೇಳುವ ಹಾಗೆ ಅಂದಳು. ಹೇಲು.

ಒಂದಕ್ಷರವೂ ಬಿಟ್ಟಿಲ್ಲ ಅಂತ ಕತ್ತರಿಗೆ ಗೊತ್ತಾಯಿತು.